ತೊಡೆಗೆ ಪಟ್ಟಿ ಕಟ್ಟಿ ಮಾಡಿಸುವ ವ್ಯಾಯಾಮ: 67ರ ಅಮ್ಮನಿಗೆ ಮಾಡಿಸಬಹುದಾ?

ಅಡಿಕೆತೋಟ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಅಮ್ಮನಿಗೆ 67. ಊರು ಸಾಗರದ ಹತ್ತಿರ, ಈಗ ಬೆಂಗಳೂರಿನಲ್ಲಿ ನನ್ನ ಜೊತೆ ಇದ್ದಾರೆ. ಎರಡು ವರ್ಷದಿಂದ ಬಲ ಮಂಡಿ ನೋವು. ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರು ಸವೆತ ಶುರುವಾಗಿದೆ, ಆಪರೇಷನ್ ಈಗಲೇ ಬೇಡ, ಮೊದಲು ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ ಅಂದರು.

ನನಗೆ ಹೆದರಿಕೆ ಹುಟ್ಟಿಸಿದ್ದು ಎಕ್ಸ್‌ರೇ ಅಲ್ಲ. ಹಬ್ಬದ ದಿನ ಬೆಳಿಗ್ಗೆ ರಂಗೋಲಿ ಹಾಕಲು ಕೂತವರು ಏಳಲಾಗದೆ ಹೊಸ್ತಿಲು ಹಿಡಿದುಕೊಂಡು ಹಾಗೇ ಕೂತಿದ್ದರು. ಯಾರನ್ನೂ ಕರೆದಿರಲಿಲ್ಲ. ನಾನು ಹಾಲು ತರಲು ಬಾಗಿಲು ತೆಗೆದಾಗ ಕಂಡರು. ಕೈಯಲ್ಲಿ ರಂಗೋಲಿ ಪುಡಿ ಹಾಗೇ ಇತ್ತು.

ಫಿಸಿಯೋ ಹತ್ತಿರ ಕಾಲು ಚಾಚುವ ಯಂತ್ರದಲ್ಲಿ 8 ಕಿಲೋ ಹಾಕಿ ನೋಡಿದರು. ಮೂರನೇ ಸಲಕ್ಕೇ ಮಂಡಿ ಚುಚ್ಚಿತು. ತೂಕ ಇಳಿಸಿದರೆ ನೋವಿಲ್ಲ, ಆದರೆ ಅಷ್ಟು ಕಡಿಮೆ ತೂಕದಲ್ಲಿ ಸ್ನಾಯು ಬೆಳೆಯಲ್ಲ ಅಂದರು. ಆಮೇಲೆ ಹೇಳಿದ್ದು ಈ ಬಿಎಫ್‌ಆರ್ ಬಗ್ಗೆ, ಅಂದರೆ ರಕ್ತದ ಹರಿವನ್ನು ತಗ್ಗಿಸಿ ಮಾಡಿಸುವ ವ್ಯಾಯಾಮ. ಬಿಪಿ ನೋಡುವ ಪಟ್ಟಿಯಂಥದ್ದನ್ನು ತೊಡೆಯ ಮೇಲ್ಭಾಗಕ್ಕೆ ಕಟ್ಟಿ, ಗಾಳಿ ತುಂಬಿ, ಹಗುರ ತೂಕದಲ್ಲೇ ಮಾಡಿಸುತ್ತಾರಂತೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ರಕ್ತ ನಿಂತರೆ ಕಾಲು ಏನಾಗುತ್ತೆ?" ನನ್ನ ಅಣ್ಣ ಕೇಳಿದ ಕೂಡಲೇ ಬೇಡ ಅಂದ.

ಬಿಪಿಗೆ ಮಾತ್ರೆ ತಗೊಳ್ತಾರೆ, ಹಿಡಿತದಲ್ಲಿದೆ. ಶುಗರ್ ಇಲ್ಲ. ತೂಕ 52 ಕಿಲೋ. ಯಾರಾದರೂ ಮಾಡಿಸಿದ್ದೀರಾ?

ಹಳೇಬೇರು · ಸೋಮವಾರ ರಾತ್ರಿ

ಬೇಡ. ಈ ವಯಸ್ಸಿನಲ್ಲಿ ರಕ್ತದ ಜೊತೆ ಆಟ ಬೇಡ. ಎಳ್ಳೆಣ್ಣೆ ಹಚ್ಚಿ, ಬಿಸಿನೀರು ಹಾಕಿ, ದಿನಾ ಅರ್ಧ ಗಂಟೆ ನಡೆಸಿ. ಸಾಕು.

ಕಬ್ಬಿಣದ_ಕಡಲೆ · ಸೋಮವಾರ ರಾತ್ರಿ

ನಾನು ಜಿಮ್‌ನಲ್ಲಿ ಒಂದು ವರ್ಷದಿಂದ ಮಾಡ್ತಿದ್ದೀನಿ, ಸೂಪರ್ ಆಗಿದೆ. ಆನ್‌ಲೈನ್‌ನಲ್ಲಿ ಎಲಾಸ್ಟಿಕ್ ಬೆಲ್ಟ್ ಸಿಗುತ್ತೆ, 400-500 ರೂಪಾಯಿ. ಹತ್ತಕ್ಕೆ ಏಳರಷ್ಟು ಬಿಗಿ ಅನ್ನಿಸುವ ಹಾಗೆ ಕಟ್ಟಿದರೆ ಆಯ್ತು. ಅಮ್ಮನಿಗೂ ಮನೆಯಲ್ಲೇ ಮಾಡಿಸಬಹುದು. ಫಿಸಿಯೋಗೆ ದುಡ್ಡು ಯಾಕೆ?

ಫಿಸಿಯೋ_ಮೈಸೂರು · ಮಂಗಳವಾರ ಬೆಳಿಗ್ಗೆ

ಕಡಲೆ ಅವರೇ, ದಯವಿಟ್ಟು ಆ ಸಲಹೆ ವಾಪಸ್ ತಗೊಳ್ಳಿ. ನಿಮ್ಮ 25ರ ರಕ್ತನಾಳ ಬೇರೆ, ಅವರ 67ರ ರಕ್ತನಾಳ ಬೇರೆ. "ಹತ್ತಕ್ಕೆ ಏಳು" ಅನ್ನುವುದು ಊಹೆ. ತೊಡೆ ದಪ್ಪ ಇದ್ದರೆ ಒಂದು ಲೆಕ್ಕ, ತೆಳ್ಳಗಿದ್ದರೆ ಇನ್ನೊಂದು. ಪಟ್ಟಿ ಅಗಲ ಇದ್ದಷ್ಟೂ ಕಡಿಮೆ ಒತ್ತಡಕ್ಕೇ ರಕ್ತ ತಡೆಯುತ್ತದೆ, ಕಿರಿದಾಗಿದ್ದರೆ ಜಾಸ್ತಿ ಒತ್ತಡ ಬೇಕು. ಸಣ್ಣ ಎಲಾಸ್ಟಿಕ್ಕನ್ನು ಬಿಗಿಯಾಗಿ ಸುತ್ತಿದರೆ ಒಳಗೆ ಏನಾಗುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಡಿಕೆತೋಟ ಅವರೇ, ಅಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ: ರಕ್ತ ಪೂರ್ತಿ ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ಹೃದಯದಿಂದ ಕಾಲಿಗೆ ಇಳಿಯುವ ರಕ್ತ ಸ್ವಲ್ಪ ಕಡಿಮೆಯಾಗುತ್ತದೆ, ಕಾಲಿನಿಂದ ವಾಪಸ್ ಏರುವ ರಕ್ತ ತಡೆಯುತ್ತದೆ. ಮೊದಲು ಡಾಪ್ಲರ್ (ರಕ್ತ ಹರಿಯುವ ಸದ್ದು ಕೇಳಿಸುವ ಉಪಕರಣ) ಇಟ್ಟು, ಎಷ್ಟು ಒತ್ತಡಕ್ಕೆ ಕಾಲಿನ ನಾಡಿ ಪೂರ್ತಿ ನಿಲ್ಲುತ್ತದೆ ಅಂತ ನೋಡುತ್ತೇವೆ. ವ್ಯಾಯಾಮಕ್ಕೆ ಅದರ ನೂರಕ್ಕೆ 40ರಿಂದ 80 ಭಾಗ ಮಾತ್ರ. ವಯಸ್ಸಾದವರಿಗೆ ನಾನು 40ರಿಂದಲೇ ಶುರು ಮಾಡುತ್ತೇನೆ.

ಇನ್ನು ತೂಕ. ಒಂದೇ ಒಂದು ಸಲ ಎತ್ತಬಹುದಾದ ಗರಿಷ್ಠ ತೂಕದಲ್ಲಿ ನೂರಕ್ಕೆ 20ರಿಂದ 30 ಭಾಗ. ಮಾಮೂಲಿ ತೂಕದ ವ್ಯಾಯಾಮದಲ್ಲಿ ಇದು 60-70ಕ್ಕಿಂತ ಮೇಲಿರುತ್ತದೆ. ಮೊದಲ ಸುತ್ತು 30 ಸಲ, ಆಮೇಲೆ 15, 15, 15. ನಡುವೆ 30 ಸೆಕೆಂಡಿನಿಂದ ಒಂದು ನಿಮಿಷ ಬಿಡುವು. ನಾಲ್ಕೂ ಸುತ್ತು ಮುಗಿಯುವವರೆಗೆ ಪಟ್ಟಿ ತುಂಬಿಯೇ ಇರುತ್ತದೆ, ಮುಗಿದ ಕೂಡಲೇ ಗಾಳಿ ಬಿಡುತ್ತೇವೆ. ವಾರಕ್ಕೆ ಎರಡು ಮೂರು ಸಲ.

ಹಗುರ ತೂಕಕ್ಕೆ ಸ್ನಾಯು ಯಾಕೆ ಬೆಳೆಯುತ್ತದೆ? ನಮ್ಮ ಸ್ನಾಯುವಿನಲ್ಲಿ ನಿಧಾನದ ಎಳೆಗಳು, ವೇಗದ ಎಳೆಗಳು ಅಂತ ಎರಡು ಬಗೆ. ಹಗುರ ಕೆಲಸವನ್ನು ನಿಧಾನದ ಎಳೆಗಳೇ ಮುಗಿಸಿಬಿಡುತ್ತವೆ. ಪಟ್ಟಿ ಕಟ್ಟಿದಾಗ ಆಮ್ಲಜನಕ ಕಡಿಮೆ, ಸ್ನಾಯು ದುಡಿದಾಗ ಹುಟ್ಟುವ ಲ್ಯಾಕ್ಟೇಟ್ ಅಲ್ಲೇ ತುಂಬಿಕೊಳ್ಳುತ್ತದೆ, ನಿಧಾನದ ಎಳೆಗಳು ಬೇಗ ಸುಸ್ತಾಗುತ್ತವೆ. ಆಗ ವೇಗದ ಎಳೆಗಳನ್ನೂ ಕೆಲಸಕ್ಕೆ ಎಬ್ಬಿಸಬೇಕಾಗುತ್ತದೆ. ವಯಸ್ಸಾದಂತೆ ಜಾಸ್ತಿ ಸೊರಗುವುದು ಈ ವೇಗದ ಎಳೆಗಳೇ. ಕಾಲು ಜಾರಿದಾಗ ತಟ್ಟನೆ ಸಾವರಿಸಿಕೊಳ್ಳಲು ಬೇಕಾಗುವುದೂ ಅವೇ.

ಕಬ್ಬಿಣದ_ಕಡಲೆ · ಮಂಗಳವಾರ ಬೆಳಿಗ್ಗೆ

ಸರಿ ಮೇಡಂ, ಒಪ್ಪಿದೆ. ನನ್ನ ಅಳತೆಯಲ್ಲಿ ಯೋಚಿಸಿದೆ, ತಪ್ಪಾಯ್ತು. ಅಡಿಕೆತೋಟ ಅಕ್ಕ, ಎಲಾಸ್ಟಿಕ್ ಬೇಡ.

ಊರುಬಿಟ್ಟವ · ಮಂಗಳವಾರ ಮಧ್ಯಾಹ್ನ

ಇದರ ಹುಟ್ಟು ಎಲ್ಲಿ ಗೊತ್ತಾ? ಜಪಾನ್. 1966ರಲ್ಲಿ ಯೋಶಿಯಾಕಿ ಸಾತೋ ಅನ್ನುವ 18ರ ಹುಡುಗ ತಿಥಿಯಂಥ ಒಂದು ಬೌದ್ಧ ಕಾರ್ಯಕ್ಕೆ ಹೋಗಿದ್ದ. ಅಲ್ಲಿ ಮಂಡಿಯೂರಿ ಹಿಮ್ಮಡಿಯ ಮೇಲೆ ತುಂಬಾ ಹೊತ್ತು ಕೂತು ಕಾಲು ಜೋಮು ಹಿಡಿಯಿತು. ಮೀನಖಂಡ ಉಜ್ಜಿಕೊಳ್ಳುವಾಗ, ಅರೆ, ಇದು ಜಿಮ್‌ನಲ್ಲಿ ಬೆವರಿಳಿಸಿದ ಮೇಲೆ ಊದಿಕೊಳ್ಳುವ ಹಾಗೇ ಇದೆಯಲ್ಲ ಅನ್ನಿಸಿತು. ಆಮೇಲೆ ವರ್ಷಗಟ್ಟಲೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ಕಾತ್ಸು ಅಂತ ಹೆಸರಿಟ್ಟ. ಒತ್ತಡ ಸೇರಿಸುವುದು ಅಂತ ಅರ್ಥ.

ನಾವೂ ಸತ್ಯನಾರಾಯಣ ಪೂಜೆಗೆ ಕೂತು ಎಷ್ಟು ಸಲ ಜೋಮು ಹಿಡಿಸಿಕೊಂಡಿದ್ದೇವೆ! ನಮ್ಮಲ್ಲಿ ಯಾರಿಗೂ ಇದು ಹೊಳೆಯಲಿಲ್ಲ ಅಲ್ವಾ?

ಗಂಗೋತ್ರಿ61 · ಮಂಗಳವಾರ ಸಂಜೆ

ನಾನು ಮಾಡಿಸಿಕೊಂಡಿದ್ದೇನಮ್ಮ. ವಯಸ್ಸು 61, ನಿವೃತ್ತ ಟೀಚರ್, ದಾವಣಗೆರೆ. ಎಡ ಮಂಡಿ. ಒಟ್ಟು 10 ವಾರ, ವಾರಕ್ಕೆ ಎರಡು ದಿನ.

ಹೇಗಿರುತ್ತದೆ ಅಂತ ಹೇಳುತ್ತೇನೆ, ಅಮ್ಮನಿಗೆ ಓದಿ ಹೇಳಿ. ಗಾಳಿ ತುಂಬಿದಾಗ ಯಾರೋ ಎರಡು ಕೈಯಲ್ಲಿ ತೊಡೆಯನ್ನು ಗಟ್ಟಿಯಾಗಿ ಹಿಡಿದ ಹಾಗೆ. ಮೊದಲ ಇಪ್ಪತ್ತು ಸಲ ಏನೂ ಅನ್ನಿಸುವುದಿಲ್ಲ. 2 ಕಿಲೋ ಮರಳು ಚೀಲ ಕಾಲಿಗೆ, ಇಷ್ಟೇನಾ ಅನ್ನಿಸುತ್ತದೆ. ಎರಡನೇ ಸುತ್ತಿಗೆ ತೊಡೆ ಬಿಸಿಯಾಗುತ್ತದೆ. ಮೂರನೆಯದರಲ್ಲಿ ಉರಿ. ಮೆಣಸಿನಕಾಯಿ ಕುಟ್ಟಿದ ಕೈ ಉರಿಯುತ್ತಲ್ಲ, ಹಾಗೆ, ಆದರೆ ಒಳಗಿನಿಂದ. ಕಾಲು ಕೆಂಪಗಾಗಿ ತುಂಬಿಕೊಂಡಿತ್ತು. ನಾಲ್ಕನೇ ಸುತ್ತಿನಲ್ಲಿ ಫಿಸಿಯೋ ಹುಡುಗಿ ಜೋರಾಗಿ ಎಣಿಸುತ್ತಿದ್ದಳು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹಲ್ಲು ಕಚ್ಚಿಕೊಂಡು ಮುಗಿಸುತ್ತಿದ್ದೆ. ಗಾಳಿ ಬಿಟ್ಟ ಕ್ಷಣ ಒಂಥರಾ ತಂಪು ಕಾಲಿನ ಕೆಳಗಿನವರೆಗೂ ಇಳಿಯುತ್ತದೆ. ಮಂಡಿ ಮಾತ್ರ ಒಂದು ದಿನವೂ ನೋಯಲಿಲ್ಲ. ಉರಿ ಬೇರೆ, ನೋವು ಬೇರೆ. ಅದು ಎರಡನೇ ದಿನಕ್ಕೇ ಗೊತ್ತಾಗುತ್ತದೆ.

ಬದಲಾವಣೆ ಗೊತ್ತಾಗಿದ್ದು ಬಸ್ಸಿನಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಮಗಳ ಊರಿಗೆ ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಕೆಂಪು ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಅಂತ ನಮ್ಮಂಥವರನ್ನು ಕೇಳಿ. ಕಂಬಿ ಹಿಡಿದು, ಹಿಂದಿನವರು ಬೆನ್ನಿಗೆ ಕೈ ಕೊಟ್ಟು, ಹಾಗೆ ಹತ್ತುತ್ತಿದ್ದೆ. ಏಳನೇ ವಾರವೋ ಎಂಟನೇ ವಾರವೋ, ಒಂದು ಕೈಯಲ್ಲಿ ಚೀಲ ಇಟ್ಟುಕೊಂಡೇ ಹತ್ತಿಬಿಟ್ಟಿದ್ದೆ. ಸೀಟಿನಲ್ಲಿ ಕೂತ ಮೇಲೆ ಗಮನಕ್ಕೆ ಬಂತು. ಕಣ್ಣಲ್ಲಿ ನೀರು ಬಂತು.

ಅಡಿಕೆತೋಟ · ಮಂಗಳವಾರ ರಾತ್ರಿ

ಅಮ್ಮನಿಗೆ ಪೂರ್ತಿ ಓದಿದೆ ಮೇಡಂ. "ಬಸ್ಸಿನ ಮೆಟ್ಟಿಲಿನ ಮಾತು ನಿಜ" ಅಂದರು. ಉರಿಯ ಬಗ್ಗೆ ಏನೂ ಹೇಳಲಿಲ್ಲ. ಒಮ್ಮೆಗೆ ಎಷ್ಟು ಖರ್ಚಾಯ್ತು?

ಗಂಗೋತ್ರಿ61 · ಮಂಗಳವಾರ ರಾತ್ರಿ

ನನಗೆ ಒಂದು ಸಲಕ್ಕೆ 500. ನಿಮ್ಮ ಊರಲ್ಲಿ ಜಾಸ್ತಿ ಇರಬಹುದು.

ಮೆಲ್ಬರ್ನ್_ಮಂದಾರ · ಬುಧವಾರ ಬೆಳಿಗ್ಗೆ

ಎಲ್ಲರೂ ಪಟ್ಟಿಯ ಹಿಂದೆ ಬಿದ್ದಿದ್ದೀರಿ. ನನ್ನದೊಂದು ತಕರಾರು ಇದೆ. ನಮ್ಮ ಹೆಂಗಸರಿಗೆ ಭಾರ ಎತ್ತಬೇಡಿ ಎತ್ತಬೇಡಿ ಅಂತ ಹೇಳಿ ಹೇಳಿಯೇ ಈ ಗತಿ ಬಂದಿದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅಂತ ಒಂದು ಅಧ್ಯಯನ ನಡೆಯಿತು. 2018ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇದ್ದ ನೂರಕ್ಕೂ ಹೆಚ್ಚು ಹೆಂಗಸರು. ವಾರಕ್ಕೆ ಎರಡು ಸಲ ಅರ್ಧ ಗಂಟೆ, 8 ತಿಂಗಳು. ತೂಕ ಎಷ್ಟು ಗೊತ್ತಾ? ಗರಿಷ್ಠದ ನೂರಕ್ಕೆ 80-85 ಭಾಗ! ಬೆನ್ನುಮೂಳೆಯ ಸಾಂದ್ರತೆ ಸುಮಾರು 2.9 ಶೇಕಡಾ ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಿಗೆ ಇಳಿಯಿತು.

ಇನ್ನೂ ಹಳೆಯದು ಬೇಕಾ? 1990ರಲ್ಲಿ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಸುಮಾರು 90 ವರ್ಷದವರಿಂದ 8 ವಾರ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ 174 ಶೇಕಡಾ ಏರಿತು. ತೊಂಬತ್ತರಲ್ಲಿ! 67ರ ಅಮ್ಮನಿಗೆ ಹಗುರ ತೂಕ ಸಾಕು ಅನ್ನುವುದು ಅವರಿಗೆ ಮಾಡುವ ಅನ್ಯಾಯ.

ಫಿಸಿಯೋ_ಮೈಸೂರು · ಬುಧವಾರ ಮಧ್ಯಾಹ್ನ

ಮಂದಾರ ಅವರೇ, ನೀವು ಹೇಳಿದ್ದು ನಿಜ. ಭಾರ ಎತ್ತಲು ಆಗುವವರು ಭಾರವನ್ನೇ ಎತ್ತಬೇಕು. ಮೂಳೆಗೆ ಅದರಷ್ಟು ಗಟ್ಟಿ ಪುರಾವೆ ಪಟ್ಟಿಗೆ ಇಲ್ಲ. ಬಲದ ಲೆಕ್ಕದಲ್ಲೂ ಭಾರವೇ ಮುಂದು. ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಸ್ನಾಯುವಿನ ಗಾತ್ರದಲ್ಲಿ ಎರಡೂ ಹತ್ತಿರ ಹತ್ತಿರ, ಬಲದಲ್ಲಿ ಭಾರದ ವ್ಯಾಯಾಮಕ್ಕೆ ಜಾಸ್ತಿ ಫಲ.

ಆದರೆ ಇವರ ಅಮ್ಮನಿಗೆ 8 ಕಿಲೋಗೇ ಮಂಡಿ ಚುಚ್ಚಿತು. ಅದನ್ನು ಬಿಟ್ಟು ಮಾತಾಡುವುದು ಸರಿಯಲ್ಲ. ಬ್ರೆಜಿಲ್‌ನಲ್ಲಿ ಮಂಡಿ ಸವೆತದ 48 ಹೆಂಗಸರನ್ನು ಮೂರು ಗುಂಪು ಮಾಡಿ 12 ವಾರ ನೋಡಿದ್ದಾರೆ. 2018ರದ್ದು ಅದೂ. ಒಂದು ಗುಂಪಿಗೆ ಭಾರ, ಒಂದಕ್ಕೆ ಹಗುರ, ಒಂದಕ್ಕೆ ಹಗುರದ ಜೊತೆ ಪಟ್ಟಿ. ಭಾರದವರಿಗೂ ಪಟ್ಟಿಯವರಿಗೂ ಬಲ ಮತ್ತು ಸ್ನಾಯು ಹೆಚ್ಚುಕಮ್ಮಿ ಒಂದೇ ಸಮ ಬೆಳೆಯಿತು. ಆದರೆ ಭಾರದ ಗುಂಪಿನಲ್ಲಿ ನಾಲ್ಕು ಜನ ಮಂಡಿ ನೋವಿಗೇ ನಡುವೆ ಬಿಡಬೇಕಾಯಿತು. ಪಟ್ಟಿಯ ಗುಂಪಿನಲ್ಲಿ ನೋವು ಕಡಿಮೆಯಾಯಿತು.

ನನ್ನ ರೋಗಿಗಳಿಗೆ ಪಟ್ಟಿ ಒಂದು ಸೇತುವೆ. 8-10 ವಾರ ಕಟ್ಟಿಸಿ, ತೊಡೆ ಸ್ವಲ್ಪ ಗಟ್ಟಿಯಾದ ಮೇಲೆ ನಿಧಾನಕ್ಕೆ ಭಾರಕ್ಕೇ ದಾಟಿಸುತ್ತೇನೆ.

ಮೆಲ್ಬರ್ನ್_ಮಂದಾರ · ಬುಧವಾರ ಮಧ್ಯಾಹ್ನ

ಭಾರಕ್ಕೆ ದಾಟಿಸುವುದಾದರೆ ನನ್ನ ತಕರಾರಿಲ್ಲ. ಎಷ್ಟೋ ಕಡೆ 2 ಕಿಲೋದಲ್ಲೇ ವರ್ಷ ಕಳೆಸುತ್ತಾರೆ, ಅದಕ್ಕೆ ಹೊಟ್ಟೆ ಉರಿದು ಬರೆದೆ.

ಹಳೇಬೇರು · ಬುಧವಾರ ಸಂಜೆ

ನಮ್ಮ ಅಜ್ಜಿಯರು ಯಾವ ಪಟ್ಟಿ ಕಟ್ಟಿದ್ದರು? ರುಬ್ಬುವ ಕಲ್ಲು, ಬೀಸುವ ಕಲ್ಲು, ಬಾವಿಯಿಂದ ನೀರು. ಎಂಬತ್ತಕ್ಕೂ ಗಟ್ಟಿ ಇದ್ದರು.

ಹುರುಳಿಕಟ್ಟು · ಬುಧವಾರ ಸಂಜೆ

ಸರ್, ನಮ್ಮಜ್ಜಿಯೂ ಅದನ್ನೆಲ್ಲ ಮಾಡಿದವರೇ. ಕೊನೆಯ ಆರು ವರ್ಷ ಕೂತಲ್ಲೇ ಜರುಗುತ್ತಾ ಬಚ್ಚಲಿಗೆ ಹೋಗುತ್ತಿದ್ದರು. ನೆಲಕ್ಕೆ ಕೈ ಊರಿ ಊರಿ ಅಂಗೈ ಒರಟಾಗಿತ್ತು. ವಯಸ್ಸಾಯ್ತು ಬಿಡು ಅಂತ ಎಲ್ಲರೂ ಸುಮ್ಮನಿದ್ದೆವು. ಗಟ್ಟಿ ಇದ್ದವರು ನಮಗೆ ನೆನಪಿರುತ್ತಾರೆ. ಮೂಲೆಯಲ್ಲಿ ಕೂತವರನ್ನು ಯಾರು ಎಣಿಸಿದ್ದಾರೆ?

ಸ್ನಾಯು ಹೀಗೆ ಸೊರಗುವುದಕ್ಕೆ ಸಾರ್ಕೋಪೀನಿಯಾ ಅಂತ ಹೆಸರಿಟ್ಟಿದ್ದೇ 1989ರಲ್ಲಿ. ಅಲ್ಲಿವರೆಗೆ ಅದಕ್ಕೊಂದು ಹೆಸರೂ ಇರಲಿಲ್ಲ.

ಹಳೇಬೇರು · ಬುಧವಾರ ರಾತ್ರಿ

ನಿಮ್ಮ ಮಾತು ನಾಟಿತು. ನಮ್ಮ ದೊಡ್ಡಮ್ಮ ಹಾಗೇ ಇದ್ದರು. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ.

ಸಂಕೇತ_ಹುಬ್ಬಳ್ಳಿ · ಬುಧವಾರ ರಾತ್ರಿ

ವ್ಯಾಯಾಮದ ಬಗ್ಗೆ ಇಷ್ಟು ಮಾತು, ಊಟದ ಬಗ್ಗೆ ಒಂದೂ ಇಲ್ಲ. ರಾಗಿ ಮುದ್ದೆ, ರೊಟ್ಟಿ ಕೊಡಿ, ಶಕ್ತಿ ತಾನೇ ಬರುತ್ತದೆ.

ಹುರುಳಿಕಟ್ಟು · ಬುಧವಾರ ರಾತ್ರಿ

ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ, ಪ್ರೋಟೀನ್ ಅಷ್ಟಿಲ್ಲ. 100 ಗ್ರಾಂ ಹಿಟ್ಟಿಗೆ ಸುಮಾರು 7 ಗ್ರಾಂ. ಅದೇ ತೂಕದ ಹುರುಳಿಯಲ್ಲಿ 21-22. ವಯಸ್ಸಾದವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ. 52 ಕಿಲೋ ಇರುವ ಇವರ ಅಮ್ಮನಿಗೆ 52ರಿಂದ 62 ಗ್ರಾಂ ಆಯ್ತು. ನಮ್ಮ ಮನೆ ಅಮ್ಮಂದಿರ ತಟ್ಟೆ ನೋಡಿ. ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಉಳಿದದ್ದಕ್ಕೆ ಮಜ್ಜಿಗೆ. ಸಾರಿನ ತಳದ ಬೇಳೆ ಮಕ್ಕಳಿಗೆ, ಗಂಡನಿಗೆ. ಇಡೀ ದಿನಕ್ಕೆ 30 ಗ್ರಾಂ ದಾಟುವುದೂ ಕಷ್ಟ.

ಹುರುಳಿ ಮೊಳಕೆ ಉಸಳಿ, ಗಟ್ಟಿ ಬೇಳೆ, ಕಡಲೆ, ಮೊಸರು. ತಿನ್ನುವವರಿಗೆ ಮೊಟ್ಟೆ, ಒಂದಕ್ಕೆ 6 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಏರಿಸಬೇಕು.

ಸಂಕೇತ_ಹುಬ್ಬಳ್ಳಿ · ಬುಧವಾರ ರಾತ್ರಿ

ಬೇಳೆ ಮಾತು ಖರೇ ಐತ್ರಿ. ನಮ್ಮವ್ವನೂ ಹಂಗ. ನಾಳೆ ನಾನೇ ಬಡಿಸ್ತೀನಿ.

ಬೇಸತ್ತ_ಸೊಸೆ · ಗುರುವಾರ ಬೆಳಿಗ್ಗೆ

ಒಂದು ಎಚ್ಚರಿಕೆ. ನಮ್ಮ ಅತ್ತೆಗೆ ಒಂದು ಕ್ಲಿನಿಕ್‌ನಲ್ಲಿ ಏನೂ ಕೇಳದೆ ಪಟ್ಟಿ ಕಟ್ಟಿಬಿಟ್ಟರು. ಅತ್ತೆಯ ಮೀನಖಂಡದಲ್ಲಿ ನರಗಳು ಉಬ್ಬಿ ಹಾವಿನ ಹಾಗೆ ಸುತ್ತಿಕೊಂಡಿವೆ. ಸೀರೆ ಮೊಣಕಾಲಿನವರೆಗೆ ಎತ್ತಿದ್ದರೆ ಯಾರಿಗೂ ಕಾಣುತ್ತಿತ್ತು. ಎತ್ತಿ ನೋಡಲಿಲ್ಲ, ಬಾಯಿಬಿಟ್ಟು ಕೇಳಲೂ ಇಲ್ಲ. ಮನೆಗೆ ಬಂದ ಮೇಲೆ ಕಾಲು ಊದಿ ಎರಡು ದಿನ ನೆಲಕ್ಕೆ ಇಡಲಾಗಲಿಲ್ಲ. ಪುಣ್ಯಕ್ಕೆ ಸ್ಕ್ಯಾನ್‌ನಲ್ಲಿ ರಕ್ತ ಹೆಪ್ಪುಗಟ್ಟಿರಲಿಲ್ಲ. ಆ ಎರಡು ರಾತ್ರಿ ನಾನು ಮಲಗಲಿಲ್ಲ.

ಫಿಸಿಯೋ_ಮೈಸೂರು · ಗುರುವಾರ ಮಧ್ಯಾಹ್ನ

ಓದಿ ತುಂಬಾ ಬೇಜಾರಾಯಿತು. ಪಟ್ಟಿ ಮುಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ ಅದು. ಮೊದಲು ಯಾವಾಗಲಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಹೀಗೆ ನರ ಉಬ್ಬಿದವರು, ಬಿಪಿ ಹಿಡಿತಕ್ಕೆ ಬಾರದವರು, ಕಾಲಿನ ರಕ್ತನಾಳ ಕಟ್ಟಿಕೊಂಡವರು, ಶುಗರ್‌ನಿಂದ ಪಾದದ ಸ್ಪರ್ಶ ಹೋದವರು, ಇವರಿಗೆಲ್ಲ ನಾನು ಕಟ್ಟುವುದಿಲ್ಲ. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿಕೊಂಡಿದ್ದರೆ ಆ ಕೈಗೆ ಖಂಡಿತ ಇಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರ ಒಪ್ಪಿಗೆ ಇಲ್ಲದೆ ಬರಲೇಬಾರದು.

ಸರಿಯಾಗಿ ಮಾಡಿದರೆ ಅಪಾಯ ಎಷ್ಟು ಅಂತಲೂ ಹೇಳುತ್ತೇನೆ, ಸುಮ್ನೆ ಹೆದರಿಸಬಾರದು. ಜಪಾನಿನಲ್ಲಿ 12,000ಕ್ಕೂ ಹೆಚ್ಚು ಜನರ ಸಮೀಕ್ಷೆ 2006ರಲ್ಲಿ ಬಂತು. ಚರ್ಮದಡಿ ರಕ್ತ ಒಸರಿ ಕಂದಿದ್ದು ನೂರಕ್ಕೆ 13 ಜನರಿಗೆ, ಜೋಮು 1.3 ಜನರಿಗೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಹತ್ತು ಸಾವಿರಕ್ಕೆ ಐದಾರು ಜನರಿಗೆ.

ತಾವರೆಕೆರೆ · ಗುರುವಾರ ಮಧ್ಯಾಹ್ನ

ನನಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಬಲ ಕಂಕುಳಿನ ಗ್ರಂಥಿ ತೆಗೆದಿದ್ದಾರೆ. ಆ ಕೈಗೆ ಬಿಪಿ ಪಟ್ಟಿಯನ್ನೂ ಕಟ್ಟಬೇಡಿ ಅಂತ ಹೇಳಿದ್ದಾರೆ. ನನಗೆ ಈ ವ್ಯಾಯಾಮ ಆಗುತ್ತದಾ?

ಫಿಸಿಯೋ_ಮೈಸೂರು · ಗುರುವಾರ ಸಂಜೆ

ಆ ಕೈಗೆ ಬೇಡ ಅಮ್ಮ. ಬಾವು ಬಂದರೆ ಇಳಿಸುವುದು ಕಷ್ಟ. ಕಾಲಿಗೆ ಬೇಕಾದರೂ ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿಕೊಂಡೇ ಬನ್ನಿ.

ಊರುಬಿಟ್ಟವ · ಗುರುವಾರ ರಾತ್ರಿ

ಮನೆಯಲ್ಲೇ ಬಲ ಅಳೆಯುವುದು ಹೇಗೆ ಅಂತ ಯಾರೂ ಕೇಳಲಿಲ್ಲ. ಕುರ್ಚಿ ಸಾಕು. ಎದೆಗೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಏಷ್ಯಾದವರಿಗಾಗಿ 2019ರಲ್ಲಿ ಮಾಡಿದ ಲೆಕ್ಕದಲ್ಲಿ 12 ಸೆಕೆಂಡು ಅಥವಾ ಮೇಲಾದರೆ ಕಾಲು ಸೊರಗಿದೆ ಅಂತ ಅನುಮಾನ ಪಡಬೇಕು. ಹೆಂಗಸರ ಕೈ ಹಿಡಿತ 18 ಕಿಲೋಗಿಂತ ಕಡಿಮೆ ಇದ್ದರೂ ಅನುಮಾನವೇ, ಆದರೆ ಅದನ್ನು ಅಳೆಯಲು ಯಂತ್ರ ಬೇಕು. ಗೋಡೆಗೆ ತಾಗಿಸಿದ ಕುರ್ಚಿ ಇಟ್ಟು, ಪಕ್ಕದಲ್ಲಿ ನಿಂತು ಮಾಡಿಸಿ.

ಸಂಕೇತ_ಹುಬ್ಬಳ್ಳಿ · ಗುರುವಾರ ರಾತ್ರಿ

ಅವ್ವ 64, 14 ಸೆಕೆಂಡು.

ಬೇಸತ್ತ_ಸೊಸೆ · ಗುರುವಾರ ರಾತ್ರಿ

ಅತ್ತೆ 70, ಮೂರನೇ ಸಲಕ್ಕೆ ನಿಲ್ಲಿಸಿದೆ. ನಾನು 38, 10 ಸೆಕೆಂಡು. ನನ್ನದೇ ಯೋಚನೆ ಹತ್ತಿಕೊಂಡಿತು.

ಗಂಗೋತ್ರಿ61 · ಗುರುವಾರ ರಾತ್ರಿ

11. ಕಳೆದ ವರ್ಷ 17 ಇತ್ತು!

ಅಡಿಕೆತೋಟ · ಏಳು ವಾರದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಮಾತು ಕೇಳಿ ಮೊದಲು ಡಾಕ್ಟರ ಹತ್ತಿರ ಹೋಗಿ ಕಾಲಿನ ರಕ್ತನಾಳ ನೋಡಿಸಿದೆ. ಏನೂ ತೊಂದರೆ ಇಲ್ಲ ಅಂದ ಮೇಲೆ ಶುರು ಮಾಡಿದೆವು. ಫಿಸಿಯೋ ಡಾಪ್ಲರ್ ಇಟ್ಟು ನೋಡಿದಾಗ ಅಮ್ಮನ ಕಾಲಿನ ನಾಡಿ ನಿಂತದ್ದು ಪಟ್ಟಿಯ ಒತ್ತಡ 180ಕ್ಕೆ (ಬಿಪಿ ಅಳೆಯುವ ಲೆಕ್ಕದಲ್ಲೇ) ಬಂದಾಗ. 72ರಿಂದ ಶುರು, ಈಗ 90. ಎತ್ತಬಲ್ಲ ಗರಿಷ್ಠ 12 ಕಿಲೋ ಅಂತ ಅಂದಾಜು ಮಾಡಿ 3 ಕಿಲೋ ಇಟ್ಟರು.

ಮೊದಲ ದಿನ ಅಮ್ಮ 75ರಲ್ಲಿ 52 ಮಾಡಿ ಸಾಕು ಅಂದರು. ಮೂರನೇ ವಾರ ಪೂರ್ತಿ ಮಾಡಿದರು. ಕುರ್ಚಿಯಿಂದ ಐದು ಸಲ ಏಳಲು 19 ಸೆಕೆಂಡು ಬೇಕಿತ್ತು, ಮೊನ್ನೆ 14. ಮಂಡಿ ನೋವು ಹೋಗಿಲ್ಲ, ಮೆಟ್ಟಿಲು ಇಳಿಯುವಾಗ ಇನ್ನೂ ಇದೆ. ಆದರೆ ರಾತ್ರಿ ಬಚ್ಚಲಿಗೆ ಏಳುವಾಗ ಮಂಚದ ಅಂಚು ಹಿಡಿಯುವ ಸದ್ದು ಈಗ ಕೇಳುವುದಿಲ್ಲ. ಅಣ್ಣ ಬಂದು ನೋಡಿ ಹೋದ. ಈಗ ವಾರಕ್ಕೊಮ್ಮೆ ಅವನೇ ಕರೆದುಕೊಂಡು ಹೋಗುತ್ತಾನೆ. ಹುರುಳಿ ಉಸಳಿ ದಿನ ಬಿಟ್ಟು ದಿನ.

ಅಮ್ಮ ಹೇಳಿ ಬರೆಸುತ್ತಿದ್ದಾರೆ: "ಅಡಿಕೆ ಕೊನೆಕೊಯ್ಲಿಗೆ ಊರಿಗೆ ಹೋಗಬೇಕು. ಅಲ್ಲಿ ಪಟ್ಟಿಯೂ ಇಲ್ಲ, ಯಂತ್ರವೂ ಇಲ್ಲ. ಎರಡು ತಿಂಗಳು ಏನು ಮಾಡಲಿ?"

ಫಿಸಿಯೋ_ಮೈಸೂರು · ಅದೇ ದಿನ ರಾತ್ರಿ

ಅಮ್ಮ, ಪಟ್ಟಿ ಇಲ್ಲದೆಯೇ ಮಾಡಿ, ಹೇಗೂ ಭಾರಕ್ಕೆ ದಾಟುವ ಸಮಯ ಬಂದಿದೆ. ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು, ಹತ್ತು ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಸಲೀಸಾದ ಮೇಲೆ 1 ಕಿಲೋ ಅಕ್ಕಿಯ ಚೀಲ ಎದೆಗೆ ಅಪ್ಪಿಕೊಂಡು ಮಾಡಿ. ಹದಿನೈದು ದಿನಕ್ಕೆ ಇನ್ನೊಂದು ಕಿಲೋ. ಕುರ್ಚಿ ಎತ್ತರ ಸಾಲದಿದ್ದರೆ ಮೇಲೊಂದು ಕಂಬಳಿ ಮಡಚಿ ಹಾಕಿ. ಮಾರನೇ ದಿನ ಮಂಡಿ ಊದಿದರೆ ಒಂದು ಕಿಲೋ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಕೊನೆಕೊಯ್ಲಿನ ಗಲಾಟೆಯಲ್ಲಿ ನಿಮ್ಮ ಊಟ ಕೊನೆಗೆ ಇಟ್ಟುಕೊಳ್ಳಬೇಡಿ.

ಅಡಿಕೆತೋಟ · ಅದೇ ದಿನ ರಾತ್ರಿ

ಓದಿದೆ. "ಅಕ್ಕಿ ಯಾಕೆ, ಅಡಿಕೆ ಚೀಲ ಆಗಲ್ವಾ" ಅಂತ ಕೇಳುತ್ತಿದ್ದಾರೆ.

ಫಿಸಿಯೋ_ಮೈಸೂರು · ಅದೇ ದಿನ ರಾತ್ರಿ

ಧಾರಾಳವಾಗಿ ಆಗುತ್ತದೆ. ತೂಗಿ ತುಂಬಿಕೊಳ್ಳಿ.